ಕಾರ್ಡಕ್ಕನ ಪೆನ್ಸಿಲ್ ಸೊನ್ನೆಗಳು

ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ರೂಮಿದೆ. ಕಿಟಕಿ ಇಲ್ಲ. ಎರಡು ಮೇಜು, ಒಂದು ಫೋನು, ಗೋಡೆಯುದ್ದಕ್ಕೂ ಹನ್ನೆರಡು ಮರದ ಡ್ರಾಯರು. ಒಂದೊಂದು ಡ್ರಾಯರಿಗೆ ಒಂದೊಂದು ತಿಂಗಳ ಹೆಸರು. ಒಳಗೆ ಕಾರ್ಡುಗಳು. ಆ ಮೇಜಿನ ಮುಂದೆ ಹತ್ತೊಂಬತ್ತು ವರ್ಷದಿಂದ ಕೂತಿರುವವರ ವಿಷಯ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಬರೆಯುವುದು ನನಗೆ ಅಭ್ಯಾಸವಿಲ್ಲ. ಫೈಲು ಹುಡುಕಿ ತರುವುದು ನನ್ನ ಕೆಲಸ. ಆದರೆ ಅವರ ಜೊತೆ ಅಷ್ಟು ವರ್ಷ ಇದ್ದವನು ನಾನೊಬ್ಬನೇ.

ಎಲ್ಲರೂ ಅವರನ್ನು ಕಾರ್ಡಕ್ಕ ಅನ್ನುತ್ತಾರೆ. ನನ್ನನ್ನು ಅವರು ಫೈಲಪ್ಪ ಅನ್ನುತ್ತಾರೆ. ಮೊದಲು ಅವರು ಆಸ್ಪತ್ರೆಯ ಟೆಲಿಫೋನ್ ಆಪರೇಟರಾಗಿದ್ದರು. ಫೋನು ಜೋಡಿಸುವ ಆ ಹಳೇ ಬೋರ್ಡು ಕಿತ್ತುಹಾಕಿದಾಗ ಕೆಲಸ ಇಲ್ಲದಂತಾಯಿತು. ಅದೇ ಹೊತ್ತಿಗೆ ಮಕ್ಕಳ ಕ್ಯಾನ್ಸರ್ ವಾರ್ಡಿನ ದೊಡ್ಡ ಡಾಕ್ಟರು ಒಂದು ಹೊಸ ಕೆಲಸ ಶುರುಮಾಡಿದ್ದರು. ಒಳ್ಳೆಯ ದನಿಯವರು ಬೇಕು ಅಂದರಂತೆ. ಅಕ್ಕನನ್ನು ಕೆಳಗೆ ಕಳಿಸಿದರು.

ಅಕ್ಕನ ಗಂಡ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಕಿವಿ ಮಂದ. "ಹಗಲೆಲ್ಲ ಫೋನಲ್ಲಿ ಮೆತ್ತಗೆ ಮಾತಾಡ್ತೀನಿ, ಮನೆಗೆ ಹೋಗಿ ಕಿರುಚ್ತೀನಿ. ನನ್ನ ಗಂಟಲಿಗೆ ರಜಾನೇ ಇಲ್ಲ ಕಣೋ ಫೈಲಪ್ಪ" ಅನ್ನುತ್ತಿದ್ದರು.

ದೊಡ್ಡ ಡಾಕ್ಟರ ಕೆಲಸ ಏನೆಂದರೆ, ವಾಸಿಯಾಗಿ ಮನೆಗೆ ಹೋದ ಮಕ್ಕಳು ಹತ್ತು ವರ್ಷ, ಇಪ್ಪತ್ತು ವರ್ಷ ಆದಮೇಲೆ ಹೇಗಿದ್ದಾರೆ ಅಂತ ತಿಳಿಯುವುದು. ಕಾಯಿಲೆ ಹೋಗಿರುತ್ತದೆ. ಆದರೆ ಕಾಯಿಲೆಗೆ ಕೊಟ್ಟ ಔಷಧಿ ಮೈಯಲ್ಲಿ ಎಲ್ಲೆಲ್ಲಿ ಏನು ಮಾಡಿದೆ ಅನ್ನುವುದು ಆಗಲೇ ಗೊತ್ತಾಗುವುದಿಲ್ಲ. ಒಬ್ಬರಿಗೆ ಕಿವಿ ಕೆಟ್ಟಿರುತ್ತದೆ, ಒಬ್ಬರಿಗೆ ಹೃದಯ, ಒಬ್ಬರಿಗೆ ಮಕ್ಕಳಾಗುವುದಿಲ್ಲ. ಅದಕ್ಕೇ ಪ್ರತಿ ವರ್ಷ, ಚಿಕಿತ್ಸೆ ಮುಗಿದ ತಿಂಗಳಲ್ಲಿ, ಒಂದು ಫೋನು. ಹನ್ನೆರಡು ಪ್ರಶ್ನೆ. ಬಿಳಿ ಕಾರ್ಡು ಕಾಯಿಲೆ ಬಂದಿದ್ದವರದು. ಹಳದಿ ಕಾರ್ಡು ಅವರ ಅಣ್ಣನದೋ ತಂಗಿಯದೋ. ಅದೇ ಮನೆ, ಅದೇ ಊಟ, ಕಾಯಿಲೆ ಮಾತ್ರ ಬಂದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಹಳದಿ ಕಾರ್ಡಿನವರು ಚೆನ್ನಾಗಿ ಬಯ್ಯುತ್ತಿದ್ದರು. ಒಬ್ಬ ಲಾರಿ ಮೆಕ್ಯಾನಿಕ್ ಅಂದಿದ್ದ: "ಚಿಕ್ಕವನಿದ್ದಾಗ ಮನೇಲಿ ಯಾರೂ ನನ್ನ ಕಡೆ ತಿರುಗಿ ನೋಡ್ಲಿಲ್ಲ, ಎಲ್ಲ ತಮ್ಮಂಗೇ. ಈಗ ಫೋನ್ ಮಾಡಿ ನನಗೆ ನಿದ್ದೆ ಬರುತ್ತಾ ಅಂತ ಕೇಳ್ತಿದೀರಲ್ಲಮ್ಮ, ಎಲ್ಲಿದ್ರಿ ಇಷ್ಟು ದಿನ?"

"ನೆಲಮಾಳಿಗೇಲಿದ್ದೆ ಕಣಪ್ಪ" ಅಂದರು ಅಕ್ಕ. "ಈಗ ಹೇಳು, ನಿದ್ದೆ ಬರುತ್ತಾ?"

ಕೆಲಸಕ್ಕೆ ನಿಯಮ ಇತ್ತು. ಫೋನು ಎತ್ತದಿದ್ದರೆ ಬೇರೆ ಬೇರೆ ಹೊತ್ತಲ್ಲಿ ಐದು ಸಲ ಮಾಡಬೇಕು. ಆಮೇಲೆ ಕಾಗದ. ಕಾಗದ ವಾಪಸು ಬಂದರೆ ನಾನು ಮನೆ ಹುಡುಕಿಕೊಂಡು ಹೋಗಬೇಕು. ಅಲ್ಲೂ ಇಲ್ಲದಿದ್ದರೆ ಮಾತ್ರ ಕಾರ್ಡಿನ ಮೂಲೆಗೆ ಕೆಂಪು ಗೀಟು, 'ನಾಪತ್ತೆ' ಅಂತ. ದೊಡ್ಡ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದರು: "ಉತ್ತರ ಬರದೇ ಇದ್ರೆ ಚೆನ್ನಾಗಿದಾರೆ ಅಂದ್ಕೋಬೇಡಿ. ಸತ್ತಿದಾರೆ ಅಂತಲೂ ಅಂದ್ಕೋಬೇಡಿ. ಗೊತ್ತಿಲ್ಲ ಅಂತ ಬರೀರಿ." ಅಕ್ಕ ಕೆಂಪು ಗೀಟು ಎಳೆಯುವುದಕ್ಕೆ ಬಹಳ ಹಿಂದೆಮುಂದೆ ನೋಡುತ್ತಿದ್ದರು. "ಇನ್ನೊಂದು ಸಲ ಹೋಗಿ ಬಾರೋ ಫೈಲಪ್ಪ, ನಿನ್ನ ಕಾಲೇನು ಸವೆದು ಹೋಗಲ್ಲ" ಅನ್ನುತ್ತಿದ್ದರು. ಸವೆದಿದೆ. ಮಂಡಿನೋವು ಈಗ ಇಬ್ಬರಿಗೂ ಇದೆ.

ಇನ್ನೊಂದು ನಿಯಮ ಇತ್ತು. ಮಗುವಿಗೆ ಹದಿನೆಂಟು ತುಂಬುವವರೆಗೆ ತಾಯಿತಂದೆ ಉತ್ತರ ಹೇಳಬಹುದು. ತುಂಬಿದ ಮೇಲೆ ಅವರ ಬಾಯಿಂದಲೇ ಒಪ್ಪಿಗೆ, ಅವರ ಬಾಯಿಂದಲೇ ಉತ್ತರ. ಈ ನಿಯಮವನ್ನು ಅಕ್ಕ ಮುರಿದರು.

ಮೊದಲು ಮುರಿದದ್ದು ಒಬ್ಬ ಇಸ್ತ್ರಿ ಅಂಗಡಿಯ ತಾಯಿಗಾಗಿ. ಅವರ ಮಗಳಿಗೆ ನಾಲ್ಕು ವರ್ಷಕ್ಕೆ ರಕ್ತದ ಕ್ಯಾನ್ಸರ್ ಬಂದಿತ್ತು. ಎರಡು ವರ್ಷ ಔಷಧಿ. ವಾಸಿಯಾಯಿತು. ಆಮೇಲೆ ಆ ತಾಯಿ ಬೀದಿ ಬಿಟ್ಟು ಬೇರೆ ಬೀದಿಗೆ ಹೋದರು. ಆಸ್ಪತ್ರೆಯ ಕಾಗದಪತ್ರ ಸುಟ್ಟರು. ಮಗಳಿಗೆ ಏನೂ ಹೇಳಲಿಲ್ಲ. ಹುಡುಗಿಗೆ ಹದಿನೆಂಟಾದ ವರ್ಷ ಅಕ್ಕ ಫೋನ್ ಮಾಡಿ, ಇನ್ನು ಮಗಳ ಹತ್ತಿರವೇ ಮಾತಾಡಬೇಕು ಅಂದರು. ಆ ಕಡೆಯಿಂದ ಅಳು. "ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ಅವಳಿಗೆ ಗೊತ್ತಿಲ್ಲ. ಗೊತ್ತಾದ್ರೆ ದಿನಾ ಹೆದರ್ಕೊಂಡೇ ಬದುಕ್ತಾಳೆ. ನಾನು ಆ ಎರಡು ವರ್ಷ ಹೆದರಿದ್ದು ಸಾಲ್ದಾ? ನನ್ನನ್ನೇ ಕೇಳಿ, ನಾನು ಎಲ್ಲಾ ಹೇಳ್ತೀನಿ."

ಅಕ್ಕ ಮಾತು ಕೊಟ್ಟರು. ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಒಂದು ಸಣ್ಣ ಸೊನ್ನೆ ಸುತ್ತಿದರು. ತಾಯಿಯ ಹತ್ತಿರ ಮಾತ್ರ ಮಾತಾಡಬೇಕು ಅನ್ನುವುದಕ್ಕೆ ಗುರುತು. ಒಂದು ಸೊನ್ನೆ ಇಟ್ಟ ಮೇಲೆ ಎರಡನೆಯದು ಕಷ್ಟವಾಗಲಿಲ್ಲ. ಅಳುವ ತಾಯಂದಿರು ಬಹಳ ಇದ್ದರು.

ಅದಾದ ಮರುವರ್ಷ ಇಸ್ತ್ರಿಯಮ್ಮ ಫೋನ್ ನಂಬರು ಬದಲಾಯಿಸಿದರು. ಐದು ಸಲ ಆಯಿತು, ಕಾಗದ ಆಯಿತು. ನಾನೇ ಹೋದೆ. ಕೆಳಗೆ ಅಂಗಡಿ, ಮೇಲೆ ಮನೆ. ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದ ಆ ತಾಯಿ ನನ್ನ ಕುತ್ತಿಗೆಯಲ್ಲಿದ್ದ ಆಸ್ಪತ್ರೆಯ ಗುರುತಿನ ಚೀಟಿ ನೋಡಿ ಬಿಳಿಚಿಕೊಂಡರು. ಅಷ್ಟರಲ್ಲಿ ಮಗಳು ಮೆಟ್ಟಿಲಿಳಿದು ಬಂದಳು. ನಾನು ಚೀಟಿಯನ್ನು ಅಂಗಿಯೊಳಗೆ ತೂರಿಸಿದೆ.

"ಇವರು ನೀರಿನ ಮೀಟರ್ ನೋಡೋಕೆ ಬಂದಿದಾರೆ" ಅಂದರು ತಾಯಿ, ಇಡೀ ಬೀದಿಗೆ ಕೇಳುವ ಹಾಗೆ.

ಏನು ಮಾಡುವುದು? ಬಗ್ಗಿ ಮೀಟರ್ ನೋಡಿದೆ. ನಂಬರು ಬರೆದುಕೊಂಡೆ. ಹುಡುಗಿ ಒಂದು ಲೋಟ ನೀರು ತಂದುಕೊಟ್ಟಳು. "ಬಿಸಿಲಲ್ಲಿ ಬಂದಿದೀರಾ, ಕೂತ್ಕೊಳ್ಳಿ ಅಣ್ಣ" ಅಂದಳು. ಅವಳು ಲೋಟ ಇಡಲು ಹೋದಾಗ ತಾಯಿ ಮೆಲ್ಲಗೆ, "ಚೆನ್ನಾಗಿದಾಳೆ" ಅಂದು ಹೊಸ ಫೋನ್ ನಂಬರು ಹೇಳಿದರು. ವಾಪಸು ಬಂದು ಅಕ್ಕನಿಗೆ ಹೇಳಿದರೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆದರೆ ಆದದ್ದನ್ನೆಲ್ಲ ಬರೆಯಬೇಕು ಅನ್ನುವುದು ಅವರ ಶಿಸ್ತು. ಕಾರ್ಡಿನಲ್ಲಿ ಬರೆದರು: 'ಮನೆಗೆ ಹೋಗಿ ಬಂದಿದೆ. ತಾಯಿಯ ಉತ್ತರ, ಚೆನ್ನಾಗಿದ್ದಾಳೆ. ನೀರಿನ ಮೀಟರ್ 4702.'

ಹೀಗೆ ಐದು ವರ್ಷ ಹೋಯಿತು.

ಕಳೆದ ವರ್ಷ ಮೇಲಿನಿಂದ ಒಬ್ಬ ಲೆಕ್ಕದ ಮೇಡಂ ಬಂದರು. ಇನ್ನೂ ಚಿಕ್ಕ ವಯಸ್ಸು. ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಯಾವ ಔಷಧಿಯಿಂದ ಯಾರಿಗೆ ಏನಾಗಿದೆ ಅಂತ ತೆಗೆಯುವುದು ಅವರ ಕೆಲಸ. ಎರಡು ತಿಂಗಳು ನಮ್ಮ ರೂಮಿನಲ್ಲೇ ಕೂತಿದ್ದರು. ಒಂದು ಮಧ್ಯಾಹ್ನ ಒಂದಷ್ಟು ಕಾರ್ಡು ಹಿಡಿದುಕೊಂಡು ಅಕ್ಕನ ಮೇಜಿನ ಹತ್ತಿರ ಬಂದರು.

"ಅಕ್ಕಾ, ಈ ಪೆನ್ಸಿಲ್ ಸೊನ್ನೆ ಏನು?"

"ಅದಾ? ನನ್ನ ಗುರುತು. ಮಕ್ಕಳಿಗೆ ಕಾಯಿಲೆ ವಿಷಯ ಗೊತ್ತಿಲ್ಲ. ತಾಯಿ ಹತ್ರಾನೇ ಕೇಳ್ಬೇಕು ಅಂತ."

"ನಲವತ್ತೊಂದು ಇವೆ."

"ಹೂಂ, ಇರಬಹುದು."

"ಈ ನಲವತ್ತೊಂದು ಜನಕ್ಕೆ ಇಷ್ಟು ವರ್ಷದಲ್ಲಿ ಒಂದು ತಲೆನೋವೂ ಬಂದಿಲ್ಲ."

"ಒಳ್ಳೇದಾಯ್ತಲ್ಲ ಬಿಡಿ ಮೇಡಂ."

"ಇವರ ಅಣ್ಣತಮ್ಮಂದಿರಿಗೆ ಬಂದಿದೆ ಅಕ್ಕ. ಹಳದಿ ಕಾರ್ಡಲ್ಲಿ ಬೆನ್ನುನೋವಿದೆ, ನಿದ್ದೆ ಇಲ್ಲ ಅಂತಿದೆ, ಒಬ್ಬನಿಗೆ ಶುಗರ್ ಇದೆ. ಕ್ಯಾನ್ಸರ್ ಬಂದಿದ್ದವರು ಮಾತ್ರ ಕಲ್ಲುಗುಂಡಿನ ಹಾಗಿದಾರೆ. ಮೊದಲು ನನಗೆ ಖುಷಿಯಾಗಿತ್ತು. ತಾಯಂದಿರು ಜೋಪಾನ ಮಾಡಿದ್ರೆ ಎಷ್ಟು ವ್ಯತ್ಯಾಸ ಆಗುತ್ತೆ ನೋಡಿ ಅಂತ ಬರೆಯೋಕೂ ಕೂತಿದ್ದೆ. ಆಮೇಲೆ ಈ ಸೊನ್ನೆ ಕಾಣಿಸ್ತು."

ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೇಡಂ ಬಯ್ಯಲಿಲ್ಲ. ಬೈದಿದ್ದರೆ ಅಕ್ಕ ತಿರುಗಿ ಬಯ್ಯುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಮೇಡಂ ಒಂಬತ್ತು ಹೆಸರು ಬರೆದ ಒಂದು ಚೀಟಿ ಇಟ್ಟರು. "ಲೆಕ್ಕ ತಪ್ಪಿದ್ರೆ ಸರಿಮಾಡ್ಕೋಬಹುದು. ಆದ್ರೆ ಇವರಲ್ಲಿ ಒಂಬತ್ತು ಜನಕ್ಕೆ ಆಗ ಕ್ಯಾನ್ಸರಿಗೆ ಕೊಡೋ ಕೆಂಪು ಔಷಧಿ ಜಾಸ್ತಿ ಹೋಗಿದೆ. ಅದು ಎಷ್ಟೋ ವರ್ಷ ಆದಮೇಲೆ ಹೃದಯ ಹಿಡಿಯುತ್ತೆ. ಇವರನ್ನ ಯಾರಾದ್ರೂ ನೋಡಿದಾರಾ ಅನ್ನೋದೇ ನಮಗೆ ಗೊತ್ತಿಲ್ಲ."

ಒಂಬತ್ತರಲ್ಲಿ ಮೊದಲನೆಯ ಹೆಸರು ಇಸ್ತ್ರಿಯಮ್ಮನ ಮಗಳದು.

ಅಕ್ಕ ಅವತ್ತೇ ಫೋನ್ ಮಾಡಿದರು. ಕೇಳಿದ್ದು ತಾಯಿಯನ್ನೇ, ಹಳೇ ಅಭ್ಯಾಸ. ತಾಯಿ ಖುಷಿಯಲ್ಲಿದ್ದರು. ಮಗಳಿಗೆ ಮದುವೆಯಾಗಿದೆ, ಅಳಿಯ ವೈರಿಂಗ್ ಕೆಲಸ ಮಾಡುತ್ತಾನೆ, ಇಬ್ಬರೂ ಮೇಲಿನ ಮನೆಯಲ್ಲೇ ಇದ್ದಾರೆ, ಈಗ ಆರು ತಿಂಗಳ ಬಸುರಿ.

"ಚೆನ್ನಾಗಿದಾಳಾ?"

"ಚೆನ್ನಾಗಿದಾಳೆ ಅಕ್ಕ. ಮೆಟ್ಟಿಲು ಹತ್ತಿದ್ರೆ ಏದುಸಿರು, ಬಸುರಲ್ಲಿ ಯಾರಿಗಿರಲ್ಲ ಹೇಳಿ. ಮಲಗೋಕಾಗಲ್ಲ ಅಂತ ಗೋಡೆಗೊರಗಿ ಕೂತೇ ನಿದ್ದೆ ಮಾಡ್ತಾಳೆ."

ಅಕ್ಕ ಬರೆಯುತ್ತಿದ್ದ ಪೆನ್ನು ನಿಂತಿತು. ನಮ್ಮ ನಾಲ್ಕನೇ ಪ್ರಶ್ನೆ ಅದೇ: ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟುತ್ತದೆಯಾ? ಹೌದು ಅಂದರೆ ಅವತ್ತೇ ಮೇಲೆ ಡಾಕ್ಟರಿಗೆ ತಿಳಿಸಬೇಕು.

"ಆರು ವರ್ಷದಿಂದ ಆ ಪ್ರಶ್ನೆಗೆ ಇಲ್ಲ, ಇಲ್ಲ, ಇಲ್ಲ ಅಂತ ನಾನೇ ಬರ್ಕೊಂಡಿದೀನಿ ಕಣೋ" ಅಂದರು ನನಗೆ. ಡಾಕ್ಟರಿಗೆ ಹೇಳಿದರು. ಎಲ್ಲ ಹೇಳಿದರು, ಸೊನ್ನೆಯ ವಿಷಯವನ್ನೂ. ದೊಡ್ಡ ಡಾಕ್ಟರಿಗೂ ವಯಸ್ಸಾಗಿದೆ. ಕೇಳಿಸಿಕೊಂಡು, "ನಾಳೆ ಹೋಗಿ ಕರ್ಕೊಂಡು ಬನ್ನಿ. ನಿಜ ಹೇಳಿ ಕರ್ಕೊಂಡು ಬನ್ನಿ. ಸುಳ್ಳು ಹೇಳಿ ಬೇಡ" ಅಂದರಂತೆ.

ಮರುದಿನ ಬೆಳಿಗ್ಗೆ ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ಅಷ್ಟು ವರ್ಷದಲ್ಲಿ ಅಕ್ಕ ಯಾರ ಮನೆಗೂ ಹೋದವರಲ್ಲ. ಕಾರ್ಡನ್ನು ಬ್ಯಾಗಿನಲ್ಲಿಟ್ಟುಕೊಂಡು, ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತರು.

ಇಸ್ತ್ರಿಯಮ್ಮ ಅಕ್ಕನ ಮುಖ ನೋಡಿರಲಿಲ್ಲ. ಅಕ್ಕ "ನಾನಮ್ಮ" ಅಂದದ್ದೇ ತಡ, ದನಿಯಲ್ಲೇ ಗುರುತು ಹಿಡಿದರು.

"ಯಾಕೆ ಬಂದ್ರಿ?"

"ಮಗಳ ಹತ್ರ ಮಾತಾಡಬೇಕು."

"ಮಾತು ಕೊಟ್ಟಿದ್ರಿ ನೀವು."

"ಕೊಟ್ಟಿದ್ದೆ. ಕೊಡಬಾರದಾಗಿತ್ತು."

ಆ ತಾಯಿ ಮುಂದಿದ್ದ ಅಂಗಿಯ ಕಾಲರಿನ ಮೇಲೆ ಇಸ್ತ್ರಿ ಒತ್ತಿದರು. ತೋಳು ಮಡಚಿದರು. ಇನ್ನೊಂದು ಅಂಗಿ ಎಳೆದುಕೊಂಡರು. "ಗಂಡನ ಮನೆಯವರಿಗೆ ಗೊತ್ತಾದ್ರೆ? ಹೊಟ್ಟೇಲಿರೋ ಮಗೂಗೆ ಬರುತ್ತೆ ಅಂದ್ರೆ? ನಾಳೆ ಅವಳನ್ನ ಬಿಟ್ರೆ ನೀವು ಬಂದು ನೋಡ್ಕೋತೀರಾ? ವರ್ಷಕ್ಕೊಂದು ಫೋನ್ ಮಾಡೋರು ನೀವು."

"ಹೌದಮ್ಮ, ವರ್ಷಕ್ಕೊಂದು ಫೋನ್ ಮಾಡೋಳೇ ನಾನು. ನಿನ್ನೆ ಮಾಡಿದ ಫೋನಲ್ಲಿ ನೀವೇ ಹೇಳಿದ್ರಿ, ಕೂತು ನಿದ್ದೆ ಮಾಡ್ತಾಳೆ ಅಂತ. ಅದು ಬಸುರಿಗಲ್ಲ. ಆವತ್ತು ಕೊಟ್ಟ ಔಷಧಿಗಿರಬಹುದು. ಹೆರಿಗೇಲಿ ಹೃದಯ ನಿಂತ್ರೆ ನಾನು ಕಾರ್ಡಲ್ಲಿ ಏನಂತ ಬರೀಲಿ, ಹೇಳಿ."

ಇಸ್ತ್ರಿಯಮ್ಮ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸ್ವಿಚ್ಚು ಆರಿಸಿದರು. "ನನ್ನ ಬಾಯಲ್ಲಿ ಬರಲ್ಲ."

"ನಾನು ಹೇಳ್ತೀನಿ. ನೀವು ಪಕ್ಕದಲ್ಲಿ ಕೂತಿರಿ, ಸಾಕು."

ಮೆಟ್ಟಿಲು ಹತ್ತುವಾಗ ಅಕ್ಕ ನಡುವೆ ಎರಡು ಸಲ ನಿಂತರು, ಮಂಡಿನೋವಿಗೆ. ಮೇಲೆ ಹುಡುಗಿ ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದಳು. ಪಾದ ಊದಿತ್ತು. ನನ್ನನ್ನು ನೋಡಿದ ತಕ್ಷಣ, "ನೀವು ಮೀಟರ್ ನೋಡೋಕೆ ಬಂದಿದ್ದ ಅಣ್ಣ ಅಲ್ವಾ?" ಅಂದಳು.

ಭೂಮಿಗೆ ಇಳಿದು ಹೋದೆ. "ಹೂಂ ಕಣಮ್ಮ. ನಾನು ಮೀಟರಿನವನಲ್ಲ" ಅಂದೆ. ಅಷ್ಟೇ ಬಂತು ಬಾಯಿಗೆ.

ಅಕ್ಕ ಫೋನಿನಲ್ಲಿ ಮಾತಾಡುವ ದನಿಯಲ್ಲೇ ಹೇಳಿದರು, ಸುತ್ತಿಬಳಸದೆ. ನಾಲ್ಕು ವರ್ಷಕ್ಕೆ ರಕ್ತದ ಕ್ಯಾನ್ಸರ್ ಬಂದಿತ್ತು. ವಾಸಿಯಾಗಿ ಹದಿನೆಂಟು ವರ್ಷ ಆಯಿತು. ಅದು ಮತ್ತೆ ಬಂದಿದೆ ಅಂತ ನಾನು ಹೇಳುತ್ತಿಲ್ಲ. ಮಗುವಿಗೆ ಅಂಟುವುದಲ್ಲ. ಆದರೆ ಆ ಔಷಧಿಯಿಂದ ಹೃದಯ ಸೋತಿರಬಹುದು, ನೋಡಬೇಕು. ಇಷ್ಟು ದಿನ ನಿನಗೆ ಹೇಳದೆ ನಿನ್ನ ಬಗ್ಗೆ ಬರೆದುಕೊಂಡಿದ್ದು ನನ್ನ ತಪ್ಪು.

ಹುಡುಗಿ ಕುತ್ತಿಗೆಯ ಕೆಳಗೆ ಕೈ ಇಟ್ಟುಕೊಂಡಳು. ಅಲ್ಲೊಂದು ಗಾಯದ ಗುರುತಿತ್ತು. ಆಗ ಔಷಧಿ ಹಾಕಲು ಚರ್ಮದೊಳಗೆ ಒಂದು ಡಬ್ಬಿ ಕೂರಿಸಿದ್ದರು, ಅದರದು.

"ಅಮ್ಮ, ಇದು ಬಿಸಿನೀರು ಬಿದ್ದಿದ್ದು ಅಂತ ಹೇಳಿದ್ದೆ ನೀನು."

ತಾಯಿ ನೆಲ ನೋಡುತ್ತಿದ್ದರು.

"ಬಿಸಿನೀರು ಬಿದ್ರೆ ಗಾಯ ಹೀಗೆ ಗೆರೆ ಎಳೆದ ಹಾಗೆ ಆಗಲ್ಲ ಅಂತ ಹೈಸ್ಕೂಲಲ್ಲೇ ಗೊತ್ತಾಯ್ತು ನನಗೆ. ಕೋಪದಲ್ಲಿ ನೀನೇ ಇಸ್ತ್ರಿಪೆಟ್ಟಿಗೆ ಮೂಲೆ ಇಟ್ಟಿರಬೇಕು ಅಂದ್ಕೊಂಡಿದ್ದೆ. ಅದಕ್ಕೇ ಹೇಳ್ತಿಲ್ಲ, ಕೇಳಿದ್ರೆ ನೊಂದ್ಕೋತೀಯ ಅಂತ ನಾನೂ ಸುಮ್ಮನಿದ್ದೆ."

ಆ ತಾಯಿಯ ಬಾಯಿಂದ ಒಂದು ಶಬ್ದ ಬಂತು. ಅದನ್ನು ಹೇಗೆ ಬರೆಯುವುದೋ ಗೊತ್ತಿಲ್ಲ. "ನಾನಾ? ನಾನು ನಿನ್ನ ಸುಟ್ಟೆ ಅಂದ್ಕೊಂಡಿದ್ಯಾ? ಇಷ್ಟು ವರ್ಷ?" ಅಂದರು. ಮಗಳು ಕೈ ಚಾಚಿದಳು. ತಾಯಿ ಹೋಗಿ ಆ ದಿಂಬಿನ ಪಕ್ಕ ಕುಸಿದು ಕೂತರು. ಅಕ್ಕ ನನಗೆ ಕಣ್ಣಲ್ಲೇ ಹೇಳಿದರು. ಇಬ್ಬರೂ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಅಕ್ಕ ಕಾಲು ನೀಡಿಕೊಂಡರು. ಬಹಳ ಹೊತ್ತು ಕೂತಿದ್ದೆವು.

ಅಳಿಯನಿಗೆ ಮಗಳೇ ಹೇಳಿದಳು. ಅವನು ಕೆಲಸ ಬಿಟ್ಟು ಓಡಿಬಂದ. ಇಸ್ತ್ರಿಯಮ್ಮ ಅವನ ಮುಖವನ್ನೇ ನೋಡುತ್ತಿದ್ದರು. ಅವನು ಏನೂ ಕೇಳಲಿಲ್ಲ. ಆಟೋ ತಂದ. ಆಸ್ಪತ್ರೆಯಲ್ಲಿ ಮಲಗಿಸಿದರೆ ಅವಳಿಗೆ ಉಸಿರು ಕಟ್ಟುತ್ತದೆ ಅಂತ ಮನೆಯಿಂದಲೇ ಎರಡು ದಿಂಬು ಕಂಕುಳಲ್ಲಿ ಇಟ್ಟುಕೊಂಡಿದ್ದ.

ಹೃದಯದ ಸ್ಕ್ಯಾನ್ ಮಾಡಿದರು. ಅದರ ಬಲ ಅಳೆಯುವ ಒಂದು ಸಂಖ್ಯೆ ಇದೆಯಂತೆ, ಐವತ್ತೈದರ ಮೇಲಿರಬೇಕಂತೆ. ಅವಳದು ಮೂವತ್ತೆಂಟು. ಅವತ್ತೇ ಸೇರಿಸಿಕೊಂಡರು. ಮಾತ್ರೆ ಕೊಟ್ಟು ಮೈಯಲ್ಲಿ ತುಂಬಿದ್ದ ನೀರಿಳಿಸಿದರು. ನಾಲ್ಕನೇ ದಿನ ಒಂದೇ ದಿಂಬಿನಲ್ಲಿ ಮಲಗಿದಳು. ಹೆರಿಗೆಗೆ ಹೃದಯದ ಡಾಕ್ಟರೂ ಪಕ್ಕದಲ್ಲಿದ್ದರು. ದಿನ ತುಂಬುವುದಕ್ಕೆ ಒಂದು ತಿಂಗಳು ಮೊದಲೇ ಆಯಿತು. ಹೆಣ್ಣುಮಗು, ಸಣ್ಣದು. ತಾಯಿ ಮಗು ಇಬ್ಬರೂ ಮನೆಗೆ ಹೋದರು. ಮಾತ್ರೆ ಮಾತ್ರ ಬಿಡುವ ಹಾಗಿಲ್ಲ. ಸಂಖ್ಯೆ ಈಗ ನಲವತ್ತೈದು. ಇನ್ನು ಏರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಉಳಿದ ನಲವತ್ತು ಸೊನ್ನೆಗಳಿಗೆ, ಚೀಟಿಯಲ್ಲಿದ್ದ ಎಂಟು ಜನದಿಂದ ಶುರುಮಾಡಿ, ಅಕ್ಕ ಒಂದೊಂದಾಗಿ ಫೋನ್ ಮಾಡಿದರು. ಅದಕ್ಕೇ ಐದು ತಿಂಗಳು ಹಿಡಿಯಿತು. ಕೆಲವರು ಒಪ್ಪಿದರು. ಕೆಲವರು ಫೋನ್ ಇಟ್ಟರು. ಒಬ್ಬರು ಅಕ್ಕನ ವಂಶವನ್ನೆಲ್ಲ ಬೈದರು. ಅಕ್ಕ ಕೇಳಿಸಿಕೊಂಡು, "ಆಯ್ತಮ್ಮ, ನಾಳೆ ಮಾಡ್ತೀನಿ" ಅಂದರು. ಇಬ್ಬರು ಮಕ್ಕಳಿಗೆ ಮೊದಲೇ ಗೊತ್ತಿತ್ತು, ತಾಯಿಗೆ ನೋವಾಗುತ್ತದೆ ಅಂತ ಗೊತ್ತಿಲ್ಲದವರ ಹಾಗೆ ಇದ್ದರು.

ಒಂದು ಮನೆಯಲ್ಲಿ ಮಗ ತೀರಿಕೊಂಡು ಎರಡು ವರ್ಷವಾಗಿತ್ತು. ಆ ತಾಯಿ ಎರಡು ವರ್ಷವೂ ಫೋನಿನಲ್ಲಿ ಚೆನ್ನಾಗಿದ್ದಾನೆ ಅಂತ ಹೇಳಿದ್ದರು. ಯಾಕಮ್ಮ ಅಂತ ಅಕ್ಕ ಕೇಳಿದರೆ, "ಅವನ ಹೆಸರು ಹಿಡಿದು ಕೇಳೋರು ನೀವೊಬ್ರೇ ಉಳಿದಿದ್ರಿ. ಇಲ್ಲ ಅಂದ್ರೆ ನೀವೂ ನಿಲ್ಲಿಸ್ತೀರಿ ಅಂತ" ಅಂದರು. ಅಕ್ಕ ಅವತ್ತು ಊಟ ಮಾಡಲಿಲ್ಲ. ಆ ಕಾರ್ಡನ್ನು ನಿಯಮದ ಪ್ರಕಾರ ಮುಚ್ಚಿದರು. ಈ ವರ್ಷ ಆ ತಿಂಗಳು ಬಂದಾಗ ಆ ಮನೆಗೆ ಫೋನ್ ಮಾಡಿದ್ದನ್ನು ನಾನು ನೋಡಿದೆ. ಪ್ರಶ್ನೆ ಕೇಳಲಿಲ್ಲ. ಅವರು ಹೇಳಿದ್ದನ್ನು ಕೇಳುತ್ತಾ ಕೂತಿದ್ದರು.

ಮೇಡಂ ಲೆಕ್ಕ ತಿದ್ದಿದರು. ತಾಯಿ ಹೇಳಿದ ಉತ್ತರಕ್ಕೂ ಮಕ್ಕಳೇ ಹೇಳಿದ ಉತ್ತರಕ್ಕೂ ಈಗ ಬೇರೆ ಬೇರೆ ಕಾಲಂ ಇದೆ. ಅಕ್ಕನಿಗೆ ಒಂದು ರಬ್ಬರು ತಂದುಕೊಟ್ಟು, "ಅಳಿಸ್ಬೇಡಿ, ಗೀಟು ಹಾಕಿ. ಇದ್ದದ್ದು ಕಾಣಬೇಕು" ಅಂದರು. "ಹಾಗಾದ್ರೆ ರಬ್ಬರ್ ಯಾಕೆ ತಂದ್ರಿ ತಾಯಿ?" ಅಂತ ಅಕ್ಕ ಕೇಳಿದರು. ಮೂವರೂ ನಕ್ಕೆವು. ಬಹಳ ದಿನದ ಮೇಲೆ.

ಕಳೆದ ವಾರ ಇಸ್ತ್ರಿಯಮ್ಮನ ಮಗಳ ಸರದಿ ಬಂತು. ಕಾರ್ಡು ನಾನೇ ತೆಗೆದುಕೊಟ್ಟೆ. ಸೊನ್ನೆಯ ಮೇಲೆ ಗೀಟು, ಅದರ ಕೆಳಗೆ ಅವಳ ಒಪ್ಪಿಗೆಯ ಸಹಿ. 4702 ಹಾಗೇ ಇತ್ತು. ಫೋನಿನಲ್ಲಿ ಮಗು ಅಳುವುದು ನನಗೂ ಕೇಳುತ್ತಿತ್ತು. ಅಕ್ಕ ಒಂದರಿಂದ ಕೇಳುತ್ತಾ ಹೋದರು. ಉಸಿರು? ಮೆಟ್ಟಿಲು? ನಿದ್ದೆ? ಮಾತ್ರೆ? ಹುಡುಗಿ ಯೋಚಿಸಿ ಯೋಚಿಸಿ ಹೇಳುತ್ತಿದ್ದಳು. ಒಂದೆರಡು ಕಡೆ ಅಕ್ಕ ಬರೆದಿದ್ದನ್ನು ತಿದ್ದಿಸಿದಳು. ತಾಯಿಯ ಉತ್ತರ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಇದಕ್ಕೆ ಅರ್ಧ ಗಂಟೆ ಹಿಡಿಯಿತು.

ಹನ್ನೆರಡನೇ ಪ್ರಶ್ನೆ, ಸುಸ್ತಾಗುತ್ತದೆಯಾ?

"ಆಗುತ್ತೆ ಅಕ್ಕ. ಬಟ್ಟೆ ಒಗೆದ್ರೆ ಕೂತ್ಕೋಬೇಕು. ಮಗು ಎತ್ಕೊಂಡು ಮೆಟ್ಟಿಲು ಹತ್ತೋಕೆ ಅಮ್ಮನ್ನ ಕರೀತೀನಿ. ಬರ್ಕೊಳ್ಳಿ. ನಿಮಗೆ ಅಕ್ಕ? ಆವತ್ತು ನಮ್ಮ ಮೆಟ್ಟಿಲಲ್ಲಿ ಎರಡು ಸಲ ನಿಂತ್ರಂತೆ, ಅಮ್ಮ ಹೇಳಿದ್ಲು."

ಅಕ್ಕ ಪೆನ್ನು ಕೆಳಗಿಟ್ಟರು. "ನನಗೂ ಆಗುತ್ತೆ ಕಣಮ್ಮ" ಅಂದರು. "ನಂದು ಬರ್ಕೊಳ್ಳೋಕೆ ಕಾರ್ಡಿಲ್ಲ ಇಲ್ಲಿ."

ಫೋನು ಇಟ್ಟರು. ಹನ್ನೆರಡನೆಯದರ ಮುಂದೆ 'ಹೌದು' ಅಂತ ಬರೆದು, ಪಕ್ಕದಲ್ಲಿ 'ಸ್ವತಃ ಹೇಳಿದ್ದು' ಅಂತ ಸೇರಿಸಿದರು. ಮಂಡಿ ಉಜ್ಜಿಕೊಂಡು, "ಮುಂದಿನದು ಕೊಡೋ ಫೈಲಪ್ಪ" ಅಂದರು. ಕೊಟ್ಟೆ. ಆ ತಿಂಗಳ ಡ್ರಾಯರಿನಲ್ಲಿ ಇನ್ನೂ ಅರವತ್ತು ಇದ್ದವು.